ನೋಡಿ ಬಂದ ಮೇಲೆ ಬರೆಯಿರಿ
(ಕೊಪ್ಪಳದಲ್ಲಿ ಪದವಿ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಸಿನಿಮಾ, ಹಾಡು, ಸೀರಿಯಲ್, ಪುಸ್ತಕಗಳ ವಿಮರ್ಶೆ ಮಾಡುವುದು ಹೇಗೆ ಅಂತ ಮಾತಾಡಲು ನನ್ನನ್ನು ಕರೆದಿದ್ದೀರಿ. ಆ ವಿದ್ಯೆ ನಿಮಗೆ ಆಗಲೇ ಬರುತ್ತದೆ ಎಂದು ನಾನು ನಂಬಿದ್ದೇನೆ. ಥಿಯೇಟರ್ ಬಿಟ್ಟು ಮಿರ್ಚಿ ಬಂಡಿ ಮುಂದೆ ನಿಂತಾಗ ಏನಂತೀರಿ? "ಫಸ್ಟ್ ಹಾಫ್ ಚಲೋ ಐತಿ, ಸೆಕೆಂಡ್ ಹಾಫ್ ಎಳದಾರ." "ಹೀರೊ ಅಳೋದು ನಂಬಾಕ ಆಗ್ಲಿಲ್ಲ." "ಆ ಹಾಡು ಸುಮ್ನೆ ತುರುಕ್ಯಾರ." ಕತೆಯ ಓಟ, ನಟನೆ, ಹಾಡಿನ ಜಾಗ, ಮೂರರ ಬಗ್ಗೆಯೂ ತೀರ್ಮಾನ ಬಂದಾಯಿತು. ಮಿರ್ಚಿ ಖಾಲಿಯಾಗುವಷ್ಟರಲ್ಲಿ ಆ ಮಾತೂ ಮುಗಿಯುತ್ತದೆ. ಯಾರೂ ಬರೆದಿಡುವುದಿಲ್ಲ. ಶುಕ್ರವಾರ ಬಂದ ಸಿನಿಮಾ ಹೇಗಿದೆ ಅಂತ ಬೆಂಗಳೂರಿನಿಂದ ಬರುವ ಬರಹ, ವಿಡಿಯೊ ನೋಡಿ ತಿಳಿದುಕೊಳ್ಳುತ್ತೇವೆ. ಕೊಪ್ಪಳದಲ್ಲಿ, ಗಂಗಾವತಿಯಲ್ಲಿ, ಕುಷ್ಟಗಿಯಲ್ಲಿ ಕೂತು ನೋಡಿದವರಿಗೆ ಅದೇ ಸಿನಿಮಾ ಹೇಗೆ ಕಂಡಿತು ಅಂತ ಹೇಳುವ ಬರಹ ಹುಡುಕಿದರೂ ಸಿಗುವುದು ಕಷ್ಟ. ಇದು ನನ್ನನ್ನು ಬಹಳ ಕಾಡುತ್ತದೆ.

ಯಾಕೆಂದರೆ ಈ ಊರಿಗೂ ವಿಮರ್ಶೆಗೂ ಹಳೆಯ ನಂಟಿದೆ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥ 9ನೇ ಶತಮಾನದ ಕವಿರಾಜಮಾರ್ಗ. ಅದರಲ್ಲಿ ರಾಜನ ಕತೆಯಿಲ್ಲ, ದೇವರ ಕತೆಯಿಲ್ಲ. ಪದ್ಯದಲ್ಲಿ ಯಾವುದು ಗುಣ, ಯಾವುದು ದೋಷ ಅಂತ ಉದಾಹರಣೆ ಕೊಟ್ಟು ತೋರಿಸುವುದೇ ಅದರ ಕೆಲಸ. ತಿರುಳ್ಗನ್ನಡದ, ಅಂದರೆ ಅಪ್ಪಟ ಕನ್ನಡದ, ಸೀಮೆ ಯಾವುದು ಅಂತ ಹೇಳುವಾಗ ಅದು ನಾಲ್ಕು ಊರುಗಳ ಹೆಸರು ಹೇಳುತ್ತದೆ. ಅದರಲ್ಲಿ ಒಂದು ಕೊಪಣ, ಅಂದರೆ ನಮ್ಮ ಕೊಪ್ಪಳ. ಓದದೆಯೂ ಕಾವ್ಯ ಬಲ್ಲವರು ಈ ನಾಡಿನವರು ಎಂಬ ಅದರ ಮಾತನ್ನು ರಾಜ್ಯೋತ್ಸವದ ಭಾಷಣದಲ್ಲಿ ಎಲ್ಲರೂ ಹೇಳುತ್ತಾರೆ. ಅದೇ ಪದ್ಯದ ಶುರುವಿನ ಮಾತನ್ನು ಹೇಳುವವರು ಕಡಿಮೆ. "ಪದನರಿದು ನುಡಿಯಲುಂ ನುಡಿದುದನರಿದಾರಯಲುಮಾರ್ಪರಾ ನಾಡವರ್ಗಳ್." ಇಲ್ಲಿನ ಜನ ಹದ ಅರಿತು ಮಾತಾಡಬಲ್ಲರು, ಬೇರೆಯವರು ಆಡಿದ್ದನ್ನು ಅರಿತು ಪರೀಕ್ಷಿಸಿ ನೋಡಲೂ ಬಲ್ಲರು. ಸಾವಿರದ ನೂರಕ್ಕೂ ಹೆಚ್ಚು ವರ್ಷದ ಹಿಂದೆ ನಮ್ಮವರ ಬಗ್ಗೆ ಬರೆದ ಮಾತು ಇದು. ಸಿನಿಮಾ ಬಗ್ಗೆ ನಾಲ್ಕು ಸಾಲು ಬರೆಯಲು ನಾವು ಹಿಂಜರಿಯುವುದು ಯಾಕೆ?

ಬರೆಯುವುದಕ್ಕಿಂತ ಮೊದಲು ಸವಿಯಬೇಕು. ಇದನ್ನು ಒತ್ತಿ ಹೇಳುತ್ತೇನೆ. ಈಗ ಹಲವರು ಸಿನಿಮಾಕ್ಕೆ ಹೋಗುವ ಮೊದಲೇ ಐದು ರಿವ್ಯೂ ನೋಡಿರುತ್ತಾರೆ. ಒಳಗೆ ಕೂತ ಮೇಲೂ ಫೋನ್ ಕೈಯಲ್ಲೇ ಇರುತ್ತದೆ. ಎಂಟ್ರಿ ಸೀನ್ ಬಂದ ಕೂಡಲೇ ಸ್ಟೇಟಸ್ಸಿಗೆ ಹಾಕಬೇಕು. ಹೀಗೆ ನೋಡಿದವರಿಗೆ ಸಿನಿಮಾ ಏನೂ ಮಾಡಲಾರದು. ಫೋನ್ ಜೇಬಿಗೆ ಹಾಕಿ. ನಗು ಬಂದರೆ ನಗಿ, ಅಳು ಬಂದರೆ ಅಳಿ, ಸೀಟಿ ಹೊಡೆಯಬೇಕು ಅನಿಸಿದರೆ ಹೊಡೆಯಿರಿ. ಟೈಟಲ್ ಕಾರ್ಡ್‌ನಿಂದಲೇ ತಪ್ಪು ಹುಡುಕಲು ಕೂತವರಿಗೆ ತಪ್ಪು ಮಾತ್ರ ಸಿಗುತ್ತದೆ. ಮಾಸ್ ಸಿನಿಮಾ ಇಷ್ಟವಾಯಿತು ಅಂತ ಹೇಳಲು ನಾಚಿಕೆ ಬೇಡ. ನಿಧಾನಕ್ಕೆ ಸಾಗುವ ಸಿನಿಮಾ ಬೇಸರ ತರಿಸಿತು ಅಂತ ಹೇಳಲೂ ನಾಚಿಕೆ ಬೇಡ. ಆದರೆ ಯಾಕೆ ಅಂತ ಹೇಳಬೇಕು. ವಿಮರ್ಶೆಯ ನಿಜವಾದ ಕೆಲಸ ಆ 'ಯಾಕೆ'ಯಲ್ಲಿದೆ.

ಒಂದು ಉದಾಹರಣೆ ತಗೊಳ್ಳೋಣ. 1997ರಲ್ಲಿ ಬಂದ ನಾಗಮಂಡಲ ಸಿನಿಮಾದ ಹಾಡುಗಳನ್ನು ನಿಮ್ಮ ಮನೆಯ ಹಿರಿಯರು ಇವತ್ತಿಗೂ ಗುನುಗುತ್ತಾರೆ, ಅಲ್ವಾ? ಗೋಪಾಲ ಯಾಜ್ಞಿಕರ ಸಾಹಿತ್ಯ, ಸಿ. ಅಶ್ವಥ್ ಅವರ ಸಂಗೀತ. ಅದರಲ್ಲಿ 'ಕಂಬದಾ ಮ್ಯಾಲಿನ ಗೊಂಬೆಯೇ' ಅಂತ ಒಂದು ಹಾಡು. "ಹಾಡು ಸೂಪರ್" ಅಂದರೆ ಕೇಳಿದವನಿಗೆ ಏನೂ ಗೊತ್ತಾಗಲಿಲ್ಲ. ಸ್ವಲ್ಪ ತಡೆದು ನೋಡಿ. ಮದುವೆಯಾಗಿ ಬಂದ ಹುಡುಗಿ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಮಾತಾಡಿಸುವವರು ಯಾರೂ ಇಲ್ಲ. ಆಗ ಅವಳು ಕಂಬದ ಮೇಲಿನ ಕೆತ್ತನೆಯ ಗೊಂಬೆಯನ್ನು ಮಾತಾಡಿಸುತ್ತಾಳೆ, ನಿನ್ನ ನಗುವನ್ನು ನಂಬಲಾ ಅಂತ ಕೇಳುತ್ತಾಳೆ. ಒಂಟಿತನ ಅನ್ನುವ ಶಬ್ದವೇ ಬೇಕಾಗಿಲ್ಲ. ಹಾಡಿನ ಮಾತು ನಮ್ಮ ಕಡೆಯದು: ಮೇಲಿನ ಅಲ್ಲ, ಮ್ಯಾಲಿನ. ಧಾಟಿ ನಮ್ಮ ಹೆಣ್ಣುಮಕ್ಕಳ ಹಾಡುಗಳಿಗೆ ಹತ್ತಿರದ್ದು. ಅದಕ್ಕೇ ಕಿವಿಗೆ ಬಿದ್ದ ಕೂಡಲೇ ಇದು ನಮ್ಮ ಮನೆಯದು ಅನಿಸುತ್ತದೆ. ಇಷ್ಟು ಹೇಳಿದರೆ ಹಾಡು ಕೇಳದವನಿಗೂ ಕೇಳಬೇಕು ಅನಿಸುತ್ತದೆ, ಕೇಳಿದವನು ಮತ್ತೊಮ್ಮೆ ಕೇಳುತ್ತಾನೆ.

ಈ ಹಾಡು ಇನ್ನೊಂದು ಪ್ರಶ್ನೆಯನ್ನೂ ಎತ್ತುತ್ತದೆ. ನಮ್ಮ ಕಡೆಯ ಕನ್ನಡ ಆ ಸಿನಿಮಾದಲ್ಲಿ ನಾಯಕಿಯ ಬಾಯಲ್ಲಿತ್ತು. ದುಃಖ, ಆಸೆ, ಅನುಮಾನ ಎಲ್ಲವನ್ನೂ ಹೊತ್ತುಕೊಂಡಿತ್ತು. ಎಷ್ಟೋ ಸಿನಿಮಾಗಳಲ್ಲಿ ಅದೇ ಕನ್ನಡ ಬರುವುದು ನಗಿಸಲು, ಇಲ್ಲವೇ ರೌಡಿಯ ಬಾಯಲ್ಲಿ. ಮಾತಿನ ಕೊನೆಗೆ ಸುಮ್ನೆ ಒಂದು 'ಲೇ', ಒಂದು 'ಐತಿ' ಸೇರಿಸಿದರೆ ಉತ್ತರ ಕರ್ನಾಟಕ ಆಯಿತು ಅಂದುಕೊಳ್ಳುತ್ತಾರೆ. ಕೊಪ್ಪಳದ ಮಾತಿಗೂ ಬೆಳಗಾವಿಯ ಮಾತಿಗೂ ಇರುವ ಫರಕು ನಿಮ್ಮ ಕಿವಿಗೆ ತಕ್ಷಣ ಗೊತ್ತಾಗುತ್ತದೆ. ಬೇರೆ ಕಡೆಯ ವಿಮರ್ಶಕನಿಗೆ ಗೊತ್ತಾಗುವುದು ಕಷ್ಟ. ನೀವು ಬರೆಯದಿದ್ದರೆ ಅದು ತಪ್ಪು ಅಂತ ಹೇಳುವವರೇ ಇರುವುದಿಲ್ಲ.

ನಿಮ್ಮಲ್ಲಿ ಇನ್ನೊಂದು ಶಕ್ತಿ ಇದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಆಯಿತು. ಕಾಲುವೆ ನೀರು ಹರಿದಲ್ಲಿ ಭತ್ತ ಬೆಳೆಯಲು ಆಂಧ್ರದ ರೈತರು ಬಂದು ನೆಲೆಸಿದರು. ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ಕ್ಯಾಂಪ್‌ಗಳು ಹಾಗೆ ಹುಟ್ಟಿದವು. ಅವರೊಂದಿಗೆ ತೆಲುಗು ಸಿನಿಮಾದ ಪ್ರೀತಿಯೂ ಬಂತು. ಉರ್ದು, ಹಿಂದಿ ನಮ್ಮ ಓಣಿಗಳಲ್ಲಿ ಮೊದಲೇ ಇತ್ತು. ಮೂರು ಭಾಷೆಯ ಸಿನಿಮಾವನ್ನು ಸಬ್‌ಟೈಟಲ್ ಇಲ್ಲದೆ ನೋಡಬಲ್ಲ ಪ್ರೇಕ್ಷಕರು ನೀವು. ಇದು ಸಣ್ಣ ಮಾತಲ್ಲ.

2004ರ ಆಪ್ತಮಿತ್ರವನ್ನೇ ನೋಡಿ. ಅದರ ಮೂಲ 1993ರ ಮಲಯಾಳಂ ಸಿನಿಮಾ. ಆಮೇಲೆ ಅದೇ ಕತೆ 2005ರಲ್ಲಿ ತಮಿಳಿಗೆ, 2007ರಲ್ಲಿ ಹಿಂದಿಗೆ ಹೋಯಿತು. ಮಲಯಾಳಂನಲ್ಲಿ ಸತ್ತ ನರ್ತಕಿ ನಾಗವಲ್ಲಿ ಆಡುವುದು ತಮಿಳು. ಕನ್ನಡಕ್ಕೆ ಬಂದಾಗ ಅವಳು ತೆಲುಗು ಆಡುತ್ತಾಳೆ. ಹೊರಗಿನಿಂದ ಬಂದವಳು ಅಂತ ತೋರಿಸಲು ಪಕ್ಕದ ರಾಜ್ಯದ ಭಾಷೆ ಬೇಕಾಯಿತು. ಬೇರೆ ಕಡೆ ಆ ತೆಲುಗು ಅರ್ಥವಾಗದೇ ಹೆದರಿಕೆ ಹುಟ್ಟಿಸಿರಬಹುದು. ಗಂಗಾವತಿಯಲ್ಲಿ ಅದು ಪಕ್ಕದ ಮನೆಯ ಭಾಷೆ. 'ರಾ ರಾ' ಅಂತ ಅವಳು ಕರೆಯುವಾಗ ಕರೆಯಲ್ಲಿರುವ ಪ್ರೀತಿ ನಮಗೆ ನೇರವಾಗಿ ತಟ್ಟುತ್ತದೆ. ಹೆದರಿಕೆಗಿಂತ ಮರುಕ ಜಾಸ್ತಿಯಾಗುತ್ತದೆ. ಮಲಯಾಳಂನಲ್ಲಿ ನಾಯಕ ಬರುವುದು ಹೆಚ್ಚು ಕಡಿಮೆ ಅರ್ಧ ಸಿನಿಮಾ ಆದ ಮೇಲೆ. ತಮಿಳಿನಲ್ಲಿ ಶುರುವಿನಲ್ಲೇ ಹೊಡೆದಾಟದೊಂದಿಗೆ ಬರುತ್ತಾನೆ. ಹಾಗೆ ಬಂದ ಕೂಡಲೇ ಅದು ಆ ಹೆಣ್ಣಿನ ಕತೆಗಿಂತ ಜಾಸ್ತಿ ಸ್ಟಾರ್‌ನ ಕತೆಯಾಗುತ್ತದೆ. ನನಗೆ ಮಲಯಾಳಂನ ತಾಳ್ಮೆ ಇಷ್ಟ, ಸೌಂದರ್ಯ ಅವರ ನಾಗವಲ್ಲಿ ಇನ್ನೂ ಇಷ್ಟ. ನೀವು ಒಪ್ಪದೇ ಇರಬಹುದು. ಹಾಗಾದರೆ ಯಾವ ದೃಶ್ಯ ನೋಡಿ ಒಪ್ಪುತ್ತಿಲ್ಲ ಅಂತ ತೋರಿಸಿ. ಜಗಳ ದೃಶ್ಯದ ಮೇಲೆ ನಡೆಯಲಿ. ನಟರ ಅಭಿಮಾನಿಗಳ ನಡುವೆ ನಡೆಯುವ ಬೈಗುಳದಲ್ಲಿ ಸಿನಿಮಾದ ಒಂದು ದೃಶ್ಯದ ಹೆಸರೂ ಇರುವುದಿಲ್ಲ, ಗಮನಿಸಿದ್ದೀರಾ?

ಸೀರಿಯಲ್ ಬಗ್ಗೆ ಸ್ವಲ್ಪವೇ ಹೇಳುತ್ತೇನೆ. ಸಿನಿಮಾ ಮುಗಿದ ಮೇಲೆ ನೋಡುತ್ತೇವೆ, ಸೀರಿಯಲ್ ಬರೆಯುತ್ತಿರುವಾಗಲೇ ನೋಡುತ್ತೇವೆ. ವಾರ ವಾರ ಟಿಆರ್‌ಪಿ ಬರುತ್ತದೆ, ಅದನ್ನು ನೋಡಿ ಕತೆ ತಿರುಗುತ್ತದೆ. ಒಂದು ಕಂತು ನೋಡಿ ತೀರ್ಪು ಕೊಡಬೇಡಿ. ಒಂದು ತಿಂಗಳು ನಿಮ್ಮ ಅವ್ವನ ಜೊತೆ ಕೂತು ನೋಡಿ, ಅವರು ಎಲ್ಲಿ ಬೈಯುತ್ತಾರೆ, ಎಲ್ಲಿ ಸುಮ್ಮನಾಗುತ್ತಾರೆ ಅಂತ ಬರೆದುಕೊಳ್ಳಿ. ಆ ಸುಮ್ಮನಾಗುವ ಜಾಗದಲ್ಲಿ ಬರೆಯುವುದಕ್ಕೆ ಬಹಳ ಇರುತ್ತದೆ.

ಪುಸ್ತಕಕ್ಕೆ ಬರೋಣ. ಸಂಡೂರಿನಲ್ಲಿ ಬೆಳೆದ ವಸುಧೇಂದ್ರ ಅವರ ತೇಜೋ ತುಂಗಭದ್ರಾ ಕಾದಂಬರಿ 2019ರಲ್ಲಿ ಬಂತು. ಒಂದು ದಡ ಲಿಸ್ಬನ್, ಇನ್ನೊಂದು ದಡ ವಿಜಯನಗರದ ಕಾಲದ ನಮ್ಮ ಹೊಳೆ. ಜನಪ್ರಿಯ ಪುಸ್ತಕ, ನಿಮ್ಮಲ್ಲಿ ಕೆಲವರು ಓದಿರುತ್ತೀರಿ. ಅದನ್ನು ಆನೆಗೊಂದಿಯಲ್ಲಿ ಹರಿಗೋಲಿನಲ್ಲಿ ಹೊಳೆ ದಾಟಿದವರು ಓದುವುದಕ್ಕೂ ಹೊಳೆಯನ್ನೇ ನೋಡದವರು ಓದುವುದಕ್ಕೂ ವ್ಯತ್ಯಾಸ ಇದೆ. ಆ ಬಂಡೆ, ಆ ಬಿಸಿಲು, ಆ ಸುಳಿ ಪುಸ್ತಕದಲ್ಲಿ ಸರಿಯಾಗಿ ಬಂದಿದೆಯಾ ಅಂತ ಸಾಕ್ಷಿ ಹೇಳಬಲ್ಲವರು ನೀವು. ಕಳೆದ ವರ್ಷಗಳಲ್ಲಿ ಕನ್ನಡದ ಮೇಲೆ ಹೊರಗಿನವರ ಕಣ್ಣೂ ಬಿದ್ದಿದೆ. ಬಾನು ಮುಷ್ತಾಕ್ ಅವರ ಕತೆಗಳಿಗೆ, ದೀಪಾ ಭಾಸ್ತಿ ಅವರ ಅನುವಾದದ ಮೂಲಕ, 2025ರ ಅಂತರರಾಷ್ಟ್ರೀಯ ಬೂಕರ್ ಬಂತು. ಬಹುಮಾನ ಬಂದ ಮೇಲೆ ಎಲ್ಲರೂ ಅಭಿನಂದಿಸಿದರು. ಆ ಕತೆಗಳನ್ನು ಓದಿ ಎರಡು ಪುಟ ಬರೆದವರು ನಮ್ಮ ಜಿಲ್ಲೆಯಲ್ಲಿ ಎಷ್ಟು ಮಂದಿ? ನಮ್ಮ ಓಣಿಗಳಲ್ಲೂ ಅಂಥ ಹೆಣ್ಣುಮಕ್ಕಳ ಬದುಕು ಇದೆ. ನಮಗೆ ಹೇಳಲು ಇರುವುದು ಬಹಳ.

ಹಾಡು, ಸಿನಿಮಾ, ಪುಸ್ತಕ ಬೇರೆ ಬೇರೆ ಅಂತ ಅಂದುಕೊಳ್ಳಬೇಡಿ. ರಾಯಚೂರಿನಲ್ಲಿ ಹಮ್ದರ್ದ್ ಶಾಲೆ ಕಟ್ಟಿದ ಪಂಡಿತ ತಾರಾನಾಥರ ಮಗ ರಾಜೀವ ತಾರಾನಾಥ್ 2024ರಲ್ಲಿ ತೀರಿಕೊಂಡರು. ದೊಡ್ಡ ಸರೋದ್ ವಾದಕರು. ಇಂಗ್ಲಿಷ್ ಸಾಹಿತ್ಯ ಪಾಠ ಮಾಡಿದವರು. 1970ರ ಸಂಸ್ಕಾರ ಸಿನಿಮಾಕ್ಕೆ ಸಂಗೀತ ಕೊಟ್ಟವರೂ ಅವರೇ. ಒಂದು ಕಲೆಯ ಅಭ್ಯಾಸ ಇನ್ನೊಂದಕ್ಕೆ ಕಿವಿ ಕೊಡುತ್ತದೆ, ಕಣ್ಣು ಕೊಡುತ್ತದೆ.

ಈಗ ನಾನು ಹೆಚ್ಚು ಹೊತ್ತು ಮಾತಾಡಬೇಕು ಅಂದುಕೊಂಡ ವಿಷಯ. ನಮ್ಮ ಕಡೆಯ ಜಾನಪದ ಡಿಜೆ ಹಾಡುಗಳು. ಟ್ರ್ಯಾಕ್ಟರ್‌ಗಳಲ್ಲಿ, ಮದುವೆ ಮೆರವಣಿಗೆಯಲ್ಲಿ, ಗಣಪತಿ ವಿಸರ್ಜನೆಯಲ್ಲಿ ಕೇಳುವುದು ಇದೇ. ಹಳ್ಳಿಯ ಹುಡುಗರು ತಾವೇ ಬರೆದು, ಸಣ್ಣ ಸ್ಟುಡಿಯೊದಲ್ಲಿ ಹಾಡಿ, ಯೂಟ್ಯೂಬಿಗೆ ಹಾಕುತ್ತಾರೆ. ದೊಡ್ಡ ಕಂಪನಿ ಇಲ್ಲ, ಸಿನಿಮಾದ ಹಂಗಿಲ್ಲ. ಉತ್ತರ ಕರ್ನಾಟಕದಲ್ಲಿ ಇವತ್ತು ಜನ ಅತಿ ಹೆಚ್ಚು ಕೇಳುವ ಸಂಗೀತಗಳಲ್ಲಿ ಇದೂ ಒಂದು. ಇದರ ಬಗ್ಗೆ ಗಂಭೀರವಾದ ವಿಮರ್ಶೆ ತೀರಾ ಕಡಿಮೆ. ಓದಿದವರು ಇದನ್ನು ಗದ್ದಲ ಅನ್ನುತ್ತಾರೆ, ಕೇಳುವವರು "ಬೆಂಕಿ" ಅನ್ನುತ್ತಾರೆ. ಎರಡರಿಂದಲೂ ಏನೂ ತಿಳಿಯುವುದಿಲ್ಲ.

ನಾನು ಈ ಹಾಡುಗಳನ್ನು ಪ್ರೀತಿಯಿಂದ ಕೇಳುತ್ತೇನೆ. ಪ್ರಾಸ ಹಾಕುವುದರಲ್ಲಿ ಈ ಹುಡುಗರು ಜಾಣರು. ನಮ್ಮ ಹೊಲದ, ಸಂತೆಯ, ಬಸ್ ಸ್ಟ್ಯಾಂಡಿನ ಮಾತು ಇದರಲ್ಲಿ ಜೀವಂತವಾಗಿದೆ. ನೌಕರಿ ಇದ್ದವನಿಗೇ ಹೆಣ್ಣು ಕೊಡುತ್ತಾರೆ, ಒಕ್ಕಲುತನ ಮಾಡುವವನಿಗೆ ಕೊಡುವುದಿಲ್ಲ ಎಂಬ ನೋವು ಈ ಹಾಡುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಆ ನೋವು ಸುಳ್ಳಲ್ಲ. ನಮ್ಮ ಹಳ್ಳಿಗಳಲ್ಲಿ ಮದುವೆಯಾಗದೆ ಉಳಿದ ರೈತ ಹುಡುಗರನ್ನು ನೀವೂ ನೋಡಿದ್ದೀರಿ.

ಆದರೆ ತಾಳ ಹೆಚ್ಚು ಕಡಿಮೆ ಒಂದೇ ಆಗುತ್ತಿದೆ. ಹಲಗೆ, ಡೊಳ್ಳಿನ ಜಾಗದಲ್ಲಿ ಎಲೆಕ್ಟ್ರಾನಿಕ್ ಪ್ಯಾಡ್ ಬಂದಿದೆ. ಬೇಸ್ ಜಾಸ್ತಿಯಾಗಿ ಎಷ್ಟೋ ಸಲ ಮಾತೇ ಮುಳುಗುತ್ತದೆ. ಅಷ್ಟು ಚಂದ ಬರೆದ ಮಾತು ಕೇಳದಿದ್ದರೆ ಬರೆದು ಏನು ಬಂತು? ಇದಕ್ಕಿಂತ ದೊಡ್ಡ ತಕರಾರು ಇನ್ನೊಂದಿದೆ. ಬಹಳಷ್ಟು ಹಾಡುಗಳಲ್ಲಿ ಹುಡುಗಿ ಅಂದರೆ ಕೈಕೊಟ್ಟವಳು. ಅವಳನ್ನು ಬೈದು, ಹಂಗಿಸಿ ಹಾಡು ಮುಗಿಯುತ್ತದೆ. ಅವಳು ಯಾಕೆ ಬೇರೆಯವನನ್ನು ಮದುವೆಯಾದಳು? ಮನೆಯವರು ಅವಳನ್ನು ಕೇಳಿದ್ದರಾ? ಅವಳಿಗೂ ಓದುವ, ದುಡಿಯುವ ಆಸೆ ಇತ್ತಾ? ಹಾಡು ಈ ಪ್ರಶ್ನೆ ಕೇಳುವುದಿಲ್ಲ. ಬೀಸುವಾಗ, ಕುಟ್ಟುವಾಗ ನಮ್ಮ ಅಜ್ಜಿಯರು ಕಟ್ಟಿದ ಹಾಡುಗಳಲ್ಲಿ ಹೆಣ್ಣು ತನ್ನ ಮಾತನ್ನು ತಾನೇ ಹೇಳುತ್ತಿದ್ದಳು. ತವರಿನ ನೆನಪು, ಅತ್ತೆಯ ಕಾಟ, ಗಂಡನ ಮೇಲಿನ ಸಿಟ್ಟು ಎಲ್ಲವೂ ಇತ್ತು. ಈ ಹೊಸ ಜಾನಪದದಲ್ಲಿ ಅವಳ ದನಿ ಎಲ್ಲಿ ಹೋಯಿತು?

ಇದನ್ನು ನಾನು ಬರೆಯುವುದಕ್ಕಿಂತ ಈ ಸಭೆಯಲ್ಲಿ ಕೂತಿರುವ ಹೆಣ್ಣುಮಕ್ಕಳು ಬರೆದರೆ ಅದರ ತೂಕವೇ ಬೇರೆ. ಬೈಯಿರಿ ಅಂತ ನಾನು ಹೇಳುತ್ತಿಲ್ಲ. ಯಾವ ಸಾಲಿಗೆ ಕುಣಿಯಬೇಕು ಅನಿಸಿತು, ಯಾವ ಸಾಲಿಗೆ ಕಾಲು ನಿಂತಿತು, ಎರಡನ್ನೂ ಬರೆಯಿರಿ. ಹಾಡಿದವನ ಬಣ್ಣ, ಜಾತಿ, ಇಂಗ್ಲಿಷ್ ಇವುಗಳ ಬಗ್ಗೆ ಒಂದು ಮಾತೂ ಬೇಡ. ಹಾಡಿನ ಬಗ್ಗೆ ಮಾತ್ರ. ಆ ಹುಡುಗರು ನಮ್ಮ ಪಕ್ಕದ ಊರಿನವರೇ. ನೀವು ಬರೆದದ್ದು ಅವರಿಗೆ ಮುಟ್ಟುತ್ತದೆ. ಮುಂದಿನ ಹಾಡು ಬರೆಯುವಾಗ ಒಬ್ಬನಾದರೂ ತಡೆದು ಯೋಚಿಸಬಹುದು.

ನಿಮ್ಮ ಪ್ರಾಧ್ಯಾಪಕರ ಜೊತೆ ಮಾತಾಡಿದ್ದೇನೆ. ಮುಂದಿನ ಶನಿವಾರ ಇದೇ ಕೋಣೆಯಲ್ಲಿ ನೀವು ಬರೆದದ್ದನ್ನು ಓದೋಣ. ಮುನ್ನೂರು ಪದ ಸಾಕು. ಕತೆ ಹೇಳಲು ಮೂರು ಸಾಲಿಗಿಂತ ಹೆಚ್ಚು ಬಳಸಬೇಡಿ, ಕೊನೆಯ ತಿರುವನ್ನು ಬಿಟ್ಟುಕೊಡಬೇಡಿ, ಸ್ಟಾರ್ ರೇಟಿಂಗ್ ಬೇಡ. ಒಬ್ಬರು ಸಿನಿಮಾ, ಒಬ್ಬರು ಪುಸ್ತಕ, ಒಬ್ಬರು ಡಿಜೆ ಹಾಡು ತಗೊಳ್ಳಿ. ಹಾಡು ತಗೊಂಡವರು ಫೋನಿನಲ್ಲಿ ಅದನ್ನು ತನ್ನಿ, ಎಲ್ಲರೂ ಕೇಳಿ ಆಮೇಲೆ ನಿಮ್ಮ ಬರಹ ಕೇಳೋಣ. ಸ್ಪೀಕರ್ ನಾನು ತರುತ್ತೇನೆ. ಯಾರು ಯಾವುದನ್ನು ತಗೊಳ್ಳುತ್ತೀರಿ, ಹೆಸರು ಹೇಳಿ.