ಹೊಸ ಸಿಎಚ್‌ಒ, ಹಳೇ ಸಿಬ್ಬಂದಿ: ಉಪಕೇಂದ್ರದಲ್ಲಿ ಜೊತೆಯವರನ್ನ ನಿಭಾಯಿಸೋದು

ನಮಸ್ಕಾರ. ಬಿಎಸ್ಸಿ ನರ್ಸಿಂಗ್ ಮುಗಿಸಿ, ಸಮುದಾಯ ಆರೋಗ್ಯಾಧಿಕಾರಿ ಅಂದ್ರೆ ಸಿಎಚ್‌ಒ ಆಗಿ ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮೂರು ಕಡೆ ಹಳ್ಳಿಗೆ ಹೊಸದಾಗಿ ಹೋಗ್ತಿರೋರಿಗೆ ಈ ವಿಡಿಯೋ. ಬಿಪಿ, ಶುಗರ್ ನೋಡೋ ಕೆಲಸ ಬೇಗ ಕೈಗೆ ಹತ್ತುತ್ತೆ. ಜೊತೆಯವರ ಜೊತೆ ಏಗೋದೇ ಕಷ್ಟ.

ಹಳ್ಳಿಯ ಆರೋಗ್ಯ ಉಪಕೇಂದ್ರ ಅನ್ನೋದು ಎಷ್ಟೋ ವರ್ಷದಿಂದ ಎಎನ್‌ಎಂ, ಅಂದ್ರೆ ಸಹಾಯಕ ನರ್ಸ್ ಸಿಸ್ಟರ್, ಹೆಚ್ಚಾಗಿ ಒಬ್ಬರೇ ನಡೆಸಿಕೊಂಡು ಬಂದ ಜಾಗ. 2018ರಲ್ಲಿ ಆಯುಷ್ಮಾನ್ ಭಾರತ್ ಬಂದ ಮೇಲೆ ಅಲ್ಲಿಗೆ ಸಿಎಚ್‌ಒ ಬಂದ್ರು, ತಂಡದ ಮುಂದಾಳು ಅಂತ. ನಿನ್ನೆ ಮೊನ್ನೆ ಕಾಲೇಜು ಬಿಟ್ಟೋರು ಬಂದು, ನಿವೃತ್ತಿಗೆ ಹತ್ತಿರ ಇರೋರ ರಿಜಿಸ್ಟರ್ ಪರಿಶೀಲಿಸಬೇಕು. ಅವರಿಗೆ ಬೇಸರ ಆಗೋದಕ್ಕೆ ಕಾರಣ ಇದೆ. ಇದನ್ನ ಮೊದಲು ಒಪ್ಕೊಳ್ಳಿ.

ಅವರಿಗೆ ಗೊತ್ತಿರೋದು ಯಾವ ಪುಸ್ತಕದಲ್ಲೂ ಇಲ್ಲ. ಇಲ್ಲಿನ ಕೆಲವು ಗೊಲ್ಲರಹಟ್ಟಿಗಳಲ್ಲಿ ಬಾಣಂತಿ, ಕೂಸನ್ನ ಹಟ್ಟಿಯಾಚೆ ಇರಿಸೋ ಪದ್ಧತಿ ಇನ್ನೂ ಇದೆ. ಆ ತಾಯಿನ ಒಳಗೆ ಕರೆಸಬೇಕಂದ್ರೆ ಮೊದಲು ಯಾರ ಹತ್ರ ಮಾತಾಡಬೇಕು, ಶೇಂಗಾ ಕೀಳೋ ಕಾಲದಲ್ಲಿ ಯಾವ ಹೊತ್ತಿಗೆ ಹೋದ್ರೆ ಮನೆ ಬಾಗಿಲು ತೆಗೆದಿರುತ್ತೆ, ಸಿಸ್ಟರಿಗೆ ಗೊತ್ತು. ಮೊದಲ ವಾರದ ಮನೆಭೇಟಿಗೆ ಅವರ ಹಿಂದೆ ನೀವು ಹೋಗಿ. 'ಸಿಸ್ಟರ್, ಈ ಊರಲ್ಲಿ ಎಲ್ಲಿಂದ ಶುರು ಮಾಡೋಣ?' ಅಂತ ಕೇಳಿ. ನಿಜವಾಗಿ ಕಲಿಯೋಕೆ ಅಂತಲೇ ಕೇಳಿ.

ಆಮೇಲೆ ಕೆಲಸ ಹಂಚಿಕೊಂಡು ಬರೆದಿಡಿ. ಬಾಯಿಮಾತಲ್ಲಿ ಬಿಟ್ರೆ ತಿಂಗಳ ಕೊನೆಗೆ, ಇಲಾಖೆಯ ಪೋರ್ಟಲ್‌ನಲ್ಲಿ ಎಂಟ್ರಿ ಬಾಕಿ ಇದ್ದಾಗ, ಜಗಳ ಗ್ಯಾರಂಟಿ. ಒಂದು ಹಾಳೆ ಸಾಕು: ಲಸಿಕೆ, ಗರ್ಭಿಣಿ ನೋಂದಣಿ ಯಾರದು, ಬಿಪಿ-ಶುಗರ್ ತಪಾಸಣೆ ಯಾರದು, ಯಾವ ಎಂಟ್ರಿ ಯಾರದು. ಇಬ್ಬರೂ ಸಹಿ ಮಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರದ (ಪಿಎಚ್‌ಸಿ) ವೈದ್ಯಾಧಿಕಾರಿಗೆ ಒಂದು ಪ್ರತಿ ಕೊಡಿ. ಲಸಿಕೆ ದಿನ ಮಾತ್ರ ಸಿಸ್ಟರಿಗೆ ಬೇರೆ ಕೆಲಸ ಹೇಳಬೇಡಿ. ಅವತ್ತು ನೀವೇ ಅವರ ಪಕ್ಕ ಕೂತು ತಾಯಿ ಕಾರ್ಡ್ ಬರೆದುಕೊಡಿ.

ಆಶಾ ಕಾರ್ಯಕರ್ತೆಯರ ಜೊತೆ ಮುನಿಸು ಬರೋದು ಹೆಚ್ಚಾಗಿ ದುಡ್ಡಿನ ವಿಷಯಕ್ಕೆ. 30 ವರ್ಷ ದಾಟಿದೋರ ಸಿಬ್ಯಾಕ್ ಫಾರಂ, ಅಂದ್ರೆ ಬಿಪಿ, ಶುಗರ್‌ನಂಥ ಕಾಯಿಲೆಯ ಅಪಾಯ ಅಂಕದಲ್ಲಿ ಅಳೆಯೋ ಪ್ರಶ್ನೆಪಟ್ಟಿ, ತುಂಬೋದು ಅವರು. ನೀವು ನೋಡಿ ದೃಢೀಕರಿಸದಿದ್ರೆ ಪ್ರೋತ್ಸಾಹಧನ ನಿಂತುಹೋಗುತ್ತೆ. ಫಾರಂ ತಪ್ಪಿದೆ ಅಂತ ಗುಂಪಿನಲ್ಲಿ ಬೈದು ವಾಪಸ್ ಎಸೆದ್ರೆ ಮುಂದಿನ ತಿಂಗಳು ಫಾರಂ ಬರಲ್ಲ. ಅಂಕ 4ಕ್ಕಿಂತ ಜಾಸ್ತಿ ಬಂದೋರನ್ನ ಬೇರೆ ಕಟ್ಟು ಮಾಡಿ, ಮೊದಲು ತಪಾಸಣೆಗೆ ಕರೆಸಿ. ಉಳಿದಿದ್ದನ್ನ ವಾರಕ್ಕೊಂದು ದಿನ ಒಟ್ಟಿಗೆ ಕೂತು ತಿದ್ದಿ.

ಈಗ ಪಿಎಚ್‌ಸಿ ಡಾಕ್ಟರ್ ವಿಷಯ. 'ಇಷ್ಟಕ್ಕೆಲ್ಲಾ ಫೋನ್ ಮಾಡ್ತೀಯೇನಮ್ಮ' ಅಂತ ರೇಗೋರು ಸಿಗ್ತಾರೆ. ಒಪಿಡಿಯಲ್ಲಿ ರೋಗಿಗಳು ಮುತ್ತಿಕೊಂಡಿರುವಾಗ 'ಸರ್, ಒಬ್ಬರು ಅಜ್ಜಿ ಬಂದಿದ್ದಾರೆ' ಅಂತ ಶುರು ಮಾಡಿದ್ರೆ ರೇಗ್ತಾರೆ. ಫೋನ್ ಮಾಡೋ ಮೊದಲು ಚೀಟಿಯಲ್ಲಿ ನಾಲ್ಕು ವಿಷಯ ಬರ್ಕೊಳ್ಳಿ: ಈಗೇನಾಗಿದೆ, ಹಿಂದೇನಿತ್ತು, ನೀವು ಏನು ನೋಡಿದ್ರಿ, ಅವರಿಂದ ಏನು ಬೇಕು. ಹೀಗೆ ಹೇಳಿ: 'ಸರ್, ಸಿಎಚ್‌ಒ ಮಾತಾಡ್ತಿದೀನಿ. 58 ವರ್ಷದ ಹೆಂಗಸು, ಬಿಪಿ 190/116, 5 ನಿಮಿಷ ಕೂರಿಸಿ ಮತ್ತೆ ನೋಡಿದ್ರೆ 186/112. ಎರಡು ವಾರದಿಂದ ಮಾತ್ರೆ ಬಿಟ್ಟಿದ್ದಾರೆ. ತಲೆನೋವಿದೆ, ಎದೆನೋವಿಲ್ಲ, ಉಸಿರುಕಟ್ಟಿಲ್ಲ, ಮಾತು ತೊದಲಿಲ್ಲ. ಈಗಲೇ ನಿಮ್ಮ ಹತ್ರ ಕಳಿಸ್ಲಾ?' ಅರ್ಧ ನಿಮಿಷದ ಮಾತು. ಅವರು ಹೇಳಿದ ಔಷಧಿ, ಡೋಸ್ ಎರಡನ್ನೂ ತಿರುಗಿ ಹೇಳಿ, ಸಮಯ ಹಾಕಿ ರಿಜಿಸ್ಟರ್‌ನಲ್ಲಿ ಬರೀರಿ. ನಾಳೆ 'ನಾನು ಹಂಗೆ ಹೇಳೇ ಇಲ್ಲ' ಅನ್ನೋ ಮಾತಿಗೆ ಜಾಗ ಇರಬಾರದು. ಎದೆನೋವು, ಕೈಕಾಲು ಸೋಲು ಇದ್ರೆ ಮೊದಲು 108, ಆಮೇಲೆ ಡಾಕ್ಟರಿಗೆ ಫೋನ್. ಬೈತಾರೆ ಅಂತ ಹೆದರಿ ಯಾವ ರೋಗಿಯನ್ನೂ ಕಾಯಿಸಬೇಡಿ, ದಯವಿಟ್ಟು.

ಪಿಎಚ್‌ಸಿ ಫಾರ್ಮಸಿಯಲ್ಲಿ 'ಇಷ್ಟೊಂದ್ಯಾಕೆ' ಅಂದ್ರೆ ವಾದ ಬೇಡ, ಲೆಕ್ಕ ತೋರಿಸಿ. ದಿನಕ್ಕೊಂದು ಅಮ್ಲೋಡಿಪಿನ್ (ಬಿಪಿ ಮಾತ್ರೆ) ತಗೊಳ್ಳೋರು 60 ಜನ ಅಂದ್ರೆ ತಿಂಗಳಿಗೆ 1800, ಒಂದು ವಾರದ ಮುಂಗಡ 420, ಒಟ್ಟು 2220. ಕೈಯಲ್ಲಿ 400 ಇದ್ರೆ ಇಂಡೆಂಟ್, ಅಂದ್ರೆ ಬೇಡಿಕೆ ಪಟ್ಟಿ, 1820ಕ್ಕೆ. ಎರಡು ಪ್ರತಿ ಮಾಡಿ, ಕೊಟ್ಟಿದ್ದೆಷ್ಟು ಅಂತ ಒಂದರಲ್ಲಿ ಸಹಿ ಹಾಕಿಸ್ಕೊಳ್ಳಿ.

ರೋಗಿಗಳ ಎದುರೇ ಯಾರಾದ್ರೂ ಕೂಗಾಡಿದ್ರೆ, 'ಇವರನ್ನ ನೋಡಿ ಕಳಿಸ್ತೀನಿ, ಆಮೇಲೆ ಒಳಗೆ ಮಾತಾಡೋಣ' ಅಂದು ಕೆಲಸ ಮುಂದುವರಿಸಿ. ಒಳಗೆ ಕೂತಾಗ ನಡೆದಿದ್ದನ್ನಷ್ಟೇ ಹೇಳಿ. 'ನೀವು ಯಾವಾಗ್ಲೂ ಹಿಂಗೇ' ಅಂತ ಶುರು ಮಾಡಿದ್ರೆ ಮಾತು ಕೆಡುತ್ತೆ. ಮತ್ತೆ ಮತ್ತೆ ಆಗ್ತಿದ್ರೆ ತಾರೀಖು, ಸಮಯ, ಆಡಿದ ಮಾತು, ಅಲ್ಲಿ ಇದ್ದೋರು, ಎಲ್ಲಾ ಅವತ್ತೇ ಬರೆದಿಡಿ. ದೂರು ಮೊದಲು ವೈದ್ಯಾಧಿಕಾರಿಗೆ, ಅಲ್ಲಿ ಆಗದಿದ್ರೆ ತಾಲ್ಲೂಕು ಆರೋಗ್ಯಾಧಿಕಾರಿಗೆ. ವಾಟ್ಸಾಪ್ ಗುಂಪಿನಲ್ಲಿ ಬೇಡ. ಅರ್ಜಿ ಕೊಟ್ಟು ಸ್ವೀಕೃತಿ ಸಹಿ ಪಡೀರಿ.

ಲೈಂಗಿಕ ಕಿರುಕುಳ ಆದ್ರೆ ಈ ಮೆಟ್ಟಿಲುಗಳನ್ನ ಹತ್ತುತ್ತಾ ಕೂರೋ ಅಗತ್ಯ ಇಲ್ಲ. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯೋ 2013ರ ಕಾಯ್ದೆ ಗುತ್ತಿಗೆ ನೌಕರರಿಗೂ ಅನ್ವಯ. ಇಲಾಖೆಯ ಆಂತರಿಕ ಸಮಿತಿಗೆ 3 ತಿಂಗಳ ಒಳಗೆ ಲಿಖಿತ ದೂರು ಕೊಡಿ. 10ಕ್ಕಿಂತ ಕಡಿಮೆ ಜನ ಇರೋ ಕಡೆ ಆಂತರಿಕ ಸಮಿತಿ ಇಲ್ಲದಿದ್ರೆ ಜಿಲ್ಲೆಯ ಸ್ಥಳೀಯ ಸಮಿತಿ ಇದೆ.

ನಿದ್ದೆ ಬರ್ತಿಲ್ಲ, ಬೆಳಿಗ್ಗೆ ಕೆಲಸಕ್ಕೆ ಹೊರಡೋಕೆ ಕೈಕಾಲು ಬರ್ತಿಲ್ಲ ಅನ್ನೋ ಹಂತ ಬಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು.