68 ಪಂದ್ಯ, 7 ಸೋಲು: ಲಂಡನ್ ನೈಟ್ಸ್ ಹುಡುಗರ ಸೀಸನ್ ಲೆಕ್ಕ

(ಪರದೆಯ ಮೇಲೆ: 59 - 7 - 2)

ನಮಸ್ಕಾರ. 59 ಗೆಲುವು, 7 ಸೋಲು, 2 ಡ್ರಾ. ಲಂಡನ್ ನೈಟ್ಸ್ ಅನ್ನೋ ಜೂನಿಯರ್ ಐಸ್ ಹಾಕಿ ತಂಡ 2004-05ರ ಲೀಗ್‌ನಲ್ಲಿ ಆಡಿದ 68 ಪಂದ್ಯಗಳ ಲೆಕ್ಕ ಇದು. ಈ ಲಂಡನ್ ಇಂಗ್ಲೆಂಡಿನದಲ್ಲ, ಕೆನಡಾದ ಒಂಟಾರಿಯೊ ಪ್ರಾಂತ್ಯದ್ದು. ಆಡುವವರು 16ರಿಂದ 20 ವರ್ಷದ ಹುಡುಗರು.

ಗೆದ್ದರೆ 2 ಪಾಯಿಂಟ್, ಡ್ರಾ ಆದರೆ 1. ಕೂಡಿಸಿದರೆ 120. ಇದು ಎಷ್ಟು ದೊಡ್ಡದು ಅಂತ ಗೊತ್ತಾಗಬೇಕಾದರೆ 1995-96ಕ್ಕೆ ಹೋಗಬೇಕು. ಆಗ ಇದೇ ತಂಡ 66 ಪಂದ್ಯ ಆಡಿ ಗೆದ್ದದ್ದು ಬರೀ 3! 2000ದಲ್ಲಿ ಡೇಲ್ ಹಂಟರ್, ಮಾರ್ಕ್ ಹಂಟರ್ ಎಂಬ ಅಣ್ಣತಮ್ಮಂದಿರು ತಂಡವನ್ನು ಕೊಂಡರು. ಇಬ್ಬರೂ ಎನ್‌ಎಚ್‌ಎಲ್‌ನಲ್ಲಿ, ಅಂದರೆ ಉತ್ತರ ಅಮೆರಿಕದ ದೊಡ್ಡ ವೃತ್ತಿಪರ ಐಸ್ ಹಾಕಿ ಲೀಗ್‌ನಲ್ಲಿ ಆಡಿದವರು. ಡೇಲ್ ಮುಂದೆ ಕೋಚ್ ಕೂಡ ಆದರು.

(ಪರದೆಯ ಮೇಲೆ: 31)

2004-05ರ ಸೀಸನ್‌ನ ಮೊದಲ 31 ಪಂದ್ಯಗಳಲ್ಲಿ ಸೋಲೇ ಇಲ್ಲ. 1978-79ರಲ್ಲಿ ಬ್ರ್ಯಾಂಡನ್ ವೀಟ್ ಕಿಂಗ್ಸ್ ಎಂಬ ಕೆನಡಾದ ಇನ್ನೊಂದು ಜೂನಿಯರ್ ತಂಡ 29 ಪಂದ್ಯ ಸೋಲದೆ ಮಾಡಿದ್ದ ದಾಖಲೆ ಮುರಿಯಿತು. ಡಿಸೆಂಬರ್‌ವರೆಗೂ ಸೋಲು ಕಾಣದ ತಂಡ ಅಂದರೆ ಯೋಚಿಸಿ!

ಈ ತಂಡದ ಮಾತು ಬಂದಾಗ ಎಲ್ಲರೂ ಮೊದಲು ಹೇಳುವ ಹೆಸರು ಕೋರಿ ಪೆರ್ರಿ. 47 ಗೋಲು, 83 ಅಸಿಸ್ಟ್. ಐಸ್ ಹಾಕಿಯಲ್ಲಿ ಗೋಲು ಹೊಡೆದವನಿಗೂ ಪಾಸ್ ಕೊಟ್ಟವನಿಗೂ ಒಂದೊಂದು ಪಾಯಿಂಟ್, ಹಾಗಾಗಿ 130. ಲೀಗ್‌ನಲ್ಲೇ ಅತಿ ಹೆಚ್ಚು.

ಆದರೆ ನನಗೆ ಅದಕ್ಕಿಂತ ಜಾಸ್ತಿ ಇಷ್ಟವಾಗುವ ಅಂಕಿ ಬೇರೆ.

(ಪರದೆಯ ಮೇಲೆ: 125)

ತಂಡ ಹೊಡೆದದ್ದು 310 ಗೋಲು, ಬಿಟ್ಟುಕೊಟ್ಟದ್ದು 125. ಪಂದ್ಯಕ್ಕೆ ಎರಡು ಗೋಲೂ ಬಿಟ್ಟಿಲ್ಲ! ಅಂದರೆ ಸ್ಟಾರ್ ಆಟಗಾರರ ಕೈ ಕಟ್ಟಿಹೋದ ದಿನ, ಎರಡೇ ಗೋಲು ಬಂದರೂ ತಂಡ ಗೆಲ್ಲಬಹುದಿತ್ತು. ಗೋಲು ಕಾದದ್ದು ಆಡಂ ಡೆನಿಸ್ ಮತ್ತು ಜೆರಾಲ್ಡ್ ಕೋಲ್‌ಮನ್. ಆದರೆ ಅವರಿಬ್ಬರ ಮುಂದೆ ಹಿಂದಕ್ಕೆ ಓಡಿ ಬಂದು ಪಕ್ (ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆ) ಕಸಿದವರ ಶ್ರಮ ಪಾಯಿಂಟ್ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಅದು ಕಾಣುವುದು ಈ 125ರಲ್ಲಿ ಮಾತ್ರ, ಅಲ್ವಾ?

ಪ್ಲೇಆಫ್ ಗೆದ್ದು ಲೀಗ್ ಚಾಂಪಿಯನ್ ಆದರು. ಉಳಿದದ್ದು ಮೆಮೋರಿಯಲ್ ಕಪ್, ಕೆನಡಾದ ಜೂನಿಯರ್ ಹಾಕಿಯಲ್ಲಿ ಅದಕ್ಕಿಂತ ದೊಡ್ಡ ಕಪ್ ಇಲ್ಲ. 2005ರ ಮೇನಲ್ಲಿ ಲಂಡನ್ನಿನಲ್ಲೇ ಫೈನಲ್. ಎದುರಿಗೆ ರಿಮೂಸ್ಕಿ ತಂಡ, ಅದರಲ್ಲಿ 17 ವರ್ಷದ ಸಿಡ್ನಿ ಕ್ರಾಸ್ಬಿ. ತನ್ನ ಲೀಗ್‌ನಲ್ಲಿ 62 ಪಂದ್ಯಕ್ಕೆ 168 ಪಾಯಿಂಟ್ ಮಾಡಿ ಬಂದಿದ್ದ ಹುಡುಗ.

(ಪರದೆಯ ಮೇಲೆ: ಲಂಡನ್ 4, ರಿಮೂಸ್ಕಿ 0)

ಆ ದಿನ ಡೆನಿಸ್ ಒಂದೂ ಪಕ್ ಒಳಗೆ ಬಿಡಲಿಲ್ಲ.