ಬೇರೆಯವರ ಹಾಡು, ಮೆಟಾಲಿಕಾದ ಗ್ಯಾರೇಜು

ಎಲ್ಲರಿಗೂ ನಮಸ್ಕಾರ.

ಪುಣೆಯ ಕನ್ನಡಿಗರು ಸೇರಿದ ಕಡೆ ಹೆವಿ ಮೆಟಲ್ ಅನ್ನೋ ಅಬ್ಬರದ ರಾಕ್ ಸಂಗೀತದ ಬಗ್ಗೆ ಮಾತಾಡ್ತೀನಿ ಅಂದಾಗ ಕೆಲವು ಹಿರಿಯರು ಹುಬ್ಬೇರಿಸಿದ್ದರು. ಆದರೂ ಬಂದು ಕೂತಿದ್ದೀರಿ, ತುಂಬಾ ಸಂತೋಷ. ಇದು ಭೀಮಸೇನ ಜೋಶಿಯವರು ಬಾಳಿದ ಊರು. ಗದಗಿನ ಕಡೆಯಿಂದ ಬಂದು ಇಲ್ಲೇ ನೆಲೆ ನಿಂತವರು ಅವರು. ಅವರು ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಹಾಡಿದಾಗ ಬೇರೆಯವರು ಬರೆದದ್ದನ್ನು ಹಾಡಿದರು ಅಂತ ಯಾರೂ ಮೂಗು ಮುರಿಯಲಿಲ್ಲ. ಪದ ಪುರಂದರದಾಸರದು, ದನಿ ಜೋಶಿಯವರದು, ನಮಗೆ ಎರಡೂ ಬೇಕು. ಅದೇ ಒಂದು ರಾಕ್ ಬ್ಯಾಂಡ್ ಇನ್ನೊಬ್ಬರ ಹಾಡು ಹಾಡಿದರೆ ಮಾತ್ರ ‘ಇವರ ಸರಕು ಖಾಲಿಯಾಯ್ತು’ ಅಂತೀವಿ. ಇದು ನ್ಯಾಯವಲ್ಲ ಅಂತ ನನಗೆ ಬಹಳ ದಿನದಿಂದ ಅನ್ನಿಸಿದೆ. ಅದನ್ನು ಹೇಳೋಕೆ ಇವತ್ತು ಒಂದೇ ಒಂದು ಆಲ್ಬಮ್ ಆರಿಸಿಕೊಂಡಿದ್ದೇನೆ. ಅಮೆರಿಕದ ಹೆವಿ ಮೆಟಲ್ ಬ್ಯಾಂಡ್ ಮೆಟಾಲಿಕಾದ ‘ಗ್ಯಾರೇಜ್ ಇಂಕ್’.

ಇದು 1998ರ ನವೆಂಬರಿನಲ್ಲಿ ಬಂತು. ಎರಡು ಸಿಡಿ, 27 ಹಾಡು. ಅದರಲ್ಲಿ ಒಂದೂ ಮೆಟಾಲಿಕಾದವರ ರಚನೆಯಲ್ಲ. ಮೊದಲ ಸಿಡಿಯಲ್ಲಿ ಹೊಸದಾಗಿ ಹಾಡಿದ 11 ಹಾಡುಗಳಿವೆ. ಎರಡನೆಯದರಲ್ಲಿ 1984ರಿಂದ 1995ರವರೆಗೆ ಅಲ್ಲಿ ಇಲ್ಲಿ, ಒಂದು ಹಾಡಿಗಾಗಿ ಬಿಡುವ ‘ಸಿಂಗಲ್’ ರೆಕಾರ್ಡ್‌ಗಳ ಹಿಂಬದಿಯಲ್ಲಿ ಹರಿದು ಹಂಚಿಹೋಗಿದ್ದ ಹಾಡುಗಳನ್ನು ಒಟ್ಟು ಮಾಡಿದ್ದಾರೆ.

ಬೇರೆಯವರ ಹಾಡು ಹಾಡಿದರೆ ನಾವು ತೋರಿಸುವ ಅಸಡ್ಡೆಗೂ ಒಂದು ಕಾರಣ ಇದೆ ಅನ್ನಿ. 80ರ ದಶಕದ ಕ್ಯಾಸೆಟ್ ಅಂಗಡಿಗಳು ನಿಮ್ಮಲ್ಲಿ ಹಲವರಿಗೆ ನೆನಪಿರುತ್ತವೆ. ರಫಿ, ಮುಕೇಶ್, ಕಿಶೋರ್ ಹಾಡುಗಳನ್ನು ಹೊಸ ಗಾಯಕರಿಂದ ಹಾಡಿಸಿ ಅಗ್ಗಕ್ಕೆ ಮಾರುತ್ತಿದ್ದರು. ಮನೆಗೆ ತಂದು ಹಾಕಿದರೆ ಬೇರೆ ದನಿ! ಆ ಬೇಸರ ಇನ್ನೂ ಹೋಗಿಲ್ಲ. ಆದರೆ ಸೋನು ನಿಗಮ್ ಶುರುವಿನಲ್ಲಿ ಹೆಸರು ಮಾಡಿದ್ದೂ ರಫಿ ಹಾಡುಗಳ ಕ್ಯಾಸೆಟ್ಟಿನಿಂದಲೇ, ಅದನ್ನೂ ಮರೆಯಬಾರದು.

ಈಗ ಮೆಟಾಲಿಕಾದ ಡ್ರಮ್ಮರ್ ಲಾರ್ಸ್ ಉಲ್ರಿಕ್ ಕಥೆಗೆ ಬರೋಣ. ಡೆನ್ಮಾರ್ಕಿನ ಹುಡುಗ. ಮನೆಯವರ ಜೊತೆ ಅಮೆರಿಕಕ್ಕೆ ಬಂದಿದ್ದ. ಇಂಗ್ಲೆಂಡಿನ ಡೈಮಂಡ್ ಹೆಡ್ ಅನ್ನೋ ಬ್ಯಾಂಡ್ ಅಂದರೆ ಪ್ರಾಣ. ಆ ಬ್ಯಾಂಡಿಗೆ ದೊಡ್ಡ ಕಂಪನಿ ಯಾವುದೂ ಸಿಕ್ಕಿರಲಿಲ್ಲ. 1980ರಲ್ಲಿ ತಮ್ಮ ಮೊದಲ ಆಲ್ಬಮನ್ನು ತಾವೇ ಹೊರತಂದು, ಬರಿ ಬಿಳಿ ಕವರಿನಲ್ಲಿ ಹಾಕಿ ಅಂಚೆಯಲ್ಲಿ ಮಾರಿದರು. 1981ರಲ್ಲಿ ಆ ಬ್ಯಾಂಡಿನವರನ್ನು ನೋಡಲೆಂದೇ ಲಾರ್ಸ್ ವಿಮಾನ ಹತ್ತಿ ಇಂಗ್ಲೆಂಡಿಗೆ ಹೋದ. ವಯಸ್ಸು 17. ಕಾರ್ಯಕ್ರಮ ಮುಗಿದ ಮೇಲೆ ಅವರ ಹತ್ತಿರ ಹೋಗಿ ಮಾತಾಡಿಸಿದ. ಉಳಿಯೋಕೆ ಜಾಗ ಇಲ್ಲ ಅಂದ. ಅವರು ಮನೆಗೇ ಕರೆದುಕೊಂಡು ಹೋದರು. ವಾರಗಟ್ಟಲೆ ಅವರ ಜೊತೆಗೇ ಇದ್ದ, ಅವರ ಅಭ್ಯಾಸ ಕೇಳಿದ. ನಮ್ಮ ಕಡೆ ಗುರುವಿನ ಮನೆಯಲ್ಲಿದ್ದು ಕಲಿತವರ ಕಥೆ ಕೇಳಿ ಬೆಳೆದ ನನಗೆ ಇದು ಹೊಸದು ಅಂತ ಅನ್ನಿಸಲೇ ಇಲ್ಲ.

ವಾಪಸ್ ಬಂದ ಮೇಲೆ ಗಾಯಕ, ಗಿಟಾರ್ ವಾದಕ ಜೇಮ್ಸ್ ಹೆಟ್‌ಫೀಲ್ಡ್ ಜೊತೆ ಬ್ಯಾಂಡ್ ಕಟ್ಟಿದ. 1982ರ ಮಾರ್ಚ್ 14ರಂದು ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ಮೆಟಾಲಿಕಾದ ಮೊದಲ ಕಾರ್ಯಕ್ರಮ. ಅವತ್ತು ಹಾಡಿದ್ದು ಒಂಬತ್ತು ಹಾಡು. ಸ್ವಂತದ್ದು ಎರಡೇ ಎರಡು! ಉಳಿದ ಏಳೂ ಬೇರೆಯವರದು, ಅದರಲ್ಲಿ ನಾಲ್ಕು ಡೈಮಂಡ್ ಹೆಡ್‌ನದೇ. ಆ ಹಾಡುಗಳು ಯಾರದು ಅಂತ ವೇದಿಕೆಯಲ್ಲಿ ಅವರು ಹೇಳುತ್ತಿರಲಿಲ್ಲ. ಕೇಳುವವರು ಇವರದೇ ಅಂದುಕೊಳ್ಳುತ್ತಿದ್ದರು. ಮುಂದೆ ಮೆಟಾಲಿಕಾ ಜಗತ್ತಿನ ದೊಡ್ಡ ಬ್ಯಾಂಡ್ ಆಯಿತು, ಡೈಮಂಡ್ ಹೆಡ್ 80ರ ದಶಕದ ನಡುವೆಯೇ ನಿಂತುಹೋಯಿತು. ಆ ಏಳು ಹಾಡುಗಳಲ್ಲಿ ಐದು ಈ ಆಲ್ಬಮಿನಲ್ಲಿವೆ, ಈ ಸಲ ಬರೆದವರ ಹೆಸರಿನ ಸಮೇತ. ಡೈಮಂಡ್ ಹೆಡ್‌ನದು ಒಟ್ಟು ನಾಲ್ಕು ಹಾಡು ಇವೆ. ಸುಮ್ನೆ ಮರ್ಯಾದೆಗೆ ಹಾಕಿದ ಹೆಸರಲ್ಲ ಅದು. ಅಮೆರಿಕದ ಕಾನೂನಿನ ಪ್ರಕಾರ ಆಗ ಹಾಡು ಬರೆದವರ ಪಾಲಿನ ದರ ಒಂದು ಪ್ರತಿಗೆ, ಒಂದು ಹಾಡಿಗೆ 7.1 ಸೆಂಟ್. ಆಲ್ಬಮ್ ಲಕ್ಷಗಟ್ಟಲೆ ಮಾರಿದಾಗ ಇದೇ ದೊಡ್ಡ ಮೊತ್ತ ಆಗುತ್ತೆ, ಅಲ್ವಾ?

ಎರಡನೇ ಸಿಡಿಯಲ್ಲಿ ನನಗೆ ತುಂಬಾ ಇಷ್ಟವಾದದ್ದು 1987ರ ಐದು ಹಾಡುಗಳು. ಅದರ ಹಿಂದಿನ ವರ್ಷ, 1986ರ ಸೆಪ್ಟೆಂಬರಿನಲ್ಲಿ, ಸ್ವೀಡನ್‌ನಲ್ಲಿ ಬ್ಯಾಂಡಿನ ಬಸ್ ಉರುಳಿ ಬಾಸ್ ವಾದಕ ಕ್ಲಿಫ್ ಬರ್ಟನ್ ತೀರಿಕೊಂಡಿದ್ದರು. 24 ವರ್ಷ ಅವರಿಗೆ. ಆ ಜಾಗಕ್ಕೆ ಜೇಸನ್ ನ್ಯೂಸ್ಟೆಡ್ ಬಂದರು. ಹೊಸಬರ ಜೊತೆ ಕೈ ಕೂಡಬೇಕಿತ್ತು. ಲಾರ್ಸ್ ಮನೆಯ ಗ್ಯಾರೇಜಿನಲ್ಲಿ ಕೂತು ಹಳೇ ಇಷ್ಟದ ಹಾಡುಗಳನ್ನು ಬಾರಿಸಿದರು, ಕೆಲವೇ ದಿನಗಳಲ್ಲಿ ಸ್ಟುಡಿಯೋಗೆ ಹೋಗಿ ರೆಕಾರ್ಡ್ ಮಾಡಿದರು. ಅಂಗಡಿಯವರು ಜಾಸ್ತಿ ದುಡ್ಡು ತಗೋಬಾರದು ಅಂತ 5.98 ಡಾಲರ್ ಅನ್ನೋ ಬೆಲೆಯನ್ನೇ ಆ ಐದು ಹಾಡಿನ ಸಣ್ಣ ರೆಕಾರ್ಡಿನ ಹೆಸರಿನಲ್ಲಿ ಸೇರಿಸಿದ್ದರು. ಅದರ ಕೊನೆಗೆ ಮಿಸ್‌ಫಿಟ್ಸ್ ಬ್ಯಾಂಡಿನ ಎರಡು ಹಾಡು ಜೋಡಿಸಿದ್ದಾರೆ. ಮಿಸ್‌ಫಿಟ್ಸ್ ಹುಚ್ಚು ಇದ್ದದ್ದು ಕ್ಲಿಫ್‌ಗೆ, ಉಳಿದವರಿಗೆ ಹಚ್ಚಿದ್ದೂ ಅವರೇ. ದುಃಖದ ಬಗ್ಗೆ ಒಂದು ಸಾಲೂ ಇಲ್ಲದ, ಗದ್ದಲದ ಹಾಡು ಅದು. ಹೋದ ಗೆಳೆಯನನ್ನು ಹೀಗೂ ನೆನೆಯಬಹುದು.

ಎಲ್ಲ ಹಾಡುಗಳೂ ಚೆನ್ನಾಗಿವೆ ಅಂತ ನಾನು ಹೇಳಲ್ಲ. ಗಾಯಕ ನಿಕ್ ಕೇವ್ ಅವರ ಹಾಡು ‘ಲವರ್‌ಮ್ಯಾನ್’ ನನಗೆ ಎಳೆದಂತೆ ಅನ್ನಿಸುತ್ತೆ. ಮರ್ಸಿಫುಲ್ ಫೇಟ್ ಬ್ಯಾಂಡಿನ ಐದು ಹಾಡು ಸೇರಿಸಿ ಹೊಲಿದ 11 ನಿಮಿಷದ ಟ್ರ್ಯಾಕ್ ಮಾತ್ರ ಎಷ್ಟು ಸಲ ಕೇಳಿದರೂ ಸಾಲದು.

‘ವಿಸ್ಕಿ ಇನ್ ದ ಜಾರ್’ ನೀವೆಲ್ಲ ಕೇಳಿರಬಹುದು. ಇದು ಐರ್ಲೆಂಡಿನ ಜನಪದ ಹಾಡು. ದಾರಿಗಳ್ಳನೊಬ್ಬ ಸೈನ್ಯದ ಅಧಿಕಾರಿಯನ್ನು ದೋಚುತ್ತಾನೆ, ನಂಬಿದ ಹೆಂಗಸು ಅವನನ್ನು ಹಿಡಿದುಕೊಡುತ್ತಾಳೆ. ನಮ್ಮ ಲಾವಣಿಗಳ ಹಾಗೆ ಬಾಯಿಂದ ಬಾಯಿಗೆ ಬಂದದ್ದು. ಐರ್ಲೆಂಡಿನ ಜನಪದ ತಂಡ ಡಬ್ಲಿನರ್ಸ್ ಹಾಡಿದಾಗ ಆ ಹೆಂಗಸಿನ ಹೆಸರು ಜೆನ್ನಿ. 1972ರಲ್ಲಿ ಅಲ್ಲಿನದೇ ರಾಕ್ ಬ್ಯಾಂಡ್ ಥಿನ್ ಲಿಝಿ ಹಾಡಿದಾಗ ಮಾಲಿ. ಥಿನ್ ಲಿಝಿಯ ಎರಿಕ್ ಬೆಲ್ ಅದಕ್ಕೊಂದು ಗಿಟಾರ್ ಎಳೆ ಸೇರಿಸಿದರು. ಮೂಲ ಜನಪದದಲ್ಲಿ ಆ ಎಳೆ ಇಲ್ಲ. ಮೆಟಾಲಿಕಾ ಅದನ್ನು ಹಾಗೆಯೇ ಉಳಿಸಿಕೊಂಡಿದೆ, ದನಿ ಮಾತ್ರ ಒರಟು ಮಾಡಿದೆ. 2000ದಲ್ಲಿ ಇದಕ್ಕೆ ಗ್ರ್ಯಾಮಿ ಬಂತು.

ಈಗ ಮಾತು ಸಾಕು, ಹಾಡು ಕೇಳೋಣ. ‘ಆಮ್ ಐ ಈವಿಲ್’ ಎರಡು ಸಲ ಹಾಕ್ತೀನಿ, ಮೊದಲು ಡೈಮಂಡ್ ಹೆಡ್, ಆಮೇಲೆ ಮೆಟಾಲಿಕಾ. ಶುರುವಿನ ಆ ಭಾರದ ಹೆಜ್ಜೆ ಗಮನಿಸಿ. ಅದು ಡೈಮಂಡ್ ಹೆಡ್‌ನ ಸ್ವಂತದ್ದಲ್ಲ. ಇಂಗ್ಲೆಂಡಿನ ಸಂಗೀತ ರಚನೆಕಾರ ಗುಸ್ಟಾವ್ ಹೋಲ್ಸ್ಟ್ ‘ಮಾರ್ಸ್’ ಅಂತ ಮಂಗಳ ಗ್ರಹದ ಹೆಸರಿನಲ್ಲಿ ಆರ್ಕೆಸ್ಟ್ರಾಗೆ ಬರೆದ ಸಂಗೀತದಿಂದ ಬಂದದ್ದು. ಹಾಡು ಮುಗಿದ ಮೇಲೆ, ಯಾರದು ನಿಮಗೆ ಹೆಚ್ಚು ಹಿಡಿಸಿತು, ಯಾಕೆ ಹಿಡಿಸಿತು ಅಂತ ಹೇಳಿ. ನನ್ನ ಮತ ಡೈಮಂಡ್ ಹೆಡ್‌ಗೆ. ಇಲ್ಲಿನ ಹುಡುಗರು ಒಪ್ಪಲ್ಲ ಅಂತ ಗೊತ್ತು, ವಾದ ಮಾಡೋಕೆ ತಯಾರಾಗೇ ಬಂದಿದ್ದೇನೆ.